ಸಣ್ಣ ಉರಿಯಿಂದ ಆರಂಭಿಸಿದ ಹುಡುಕಾಟ: ಮನೆಗೆ ಗ್ಯಾಸ್ ರೇಂಜ್ ಆಯ್ದುಕೊಂಡ ನನ್ನ ಅನುಭವ

ಮೇಲೆ ಆರು ಬರ್ನರ್, ಕೆಳಗೆ ದೊಡ್ಡ ಓವನ್ ಇರುವ ಉನ್ನತ ದರ್ಜೆಯ ಗ್ಯಾಸ್ ರೇಂಜ್ ಒಂದನ್ನು ನಮ್ಮ ಅಡುಗೆಮನೆಗೆ ಹಾಕಿಸಬೇಕೆಂದು ನಿರ್ಧರಿಸಿದ ಮೇಲೆ ನಾನು ನೋಡಿದ ಮಾದರಿಗಳೆಲ್ಲವೂ ತಮ್ಮ ಅತಿ ದೊಡ್ಡ ಬರ್ನರಿನ ಬಲವನ್ನೇ ಮೊದಲ ಗುಣವೆಂದು ಹೇಳಿಕೊಳ್ಳುತ್ತಿದ್ದವು. ಒಂದು ಗಂಟೆಗೆ 15,000 ಬಿಟಿಯು (ಶಾಖವನ್ನು ಅಳೆಯುವ ಮಾನ), ಇನ್ನೊಂದು 18,000, ಮತ್ತೊಂದು 25,000. ನಾನು ಈ ಸಂಖ್ಯೆಯನ್ನು ಬದಿಗಿಟ್ಟು ಬೇರೆ ಮೂರು ಪ್ರಶ್ನೆಗಳಿಂದ ಆರಂಭಿಸಿದೆ. ಈ ಒಲೆಯ ಅತಿ ಸಣ್ಣ ಉರಿ ಎಷ್ಟು ಸಣ್ಣದು? ಇದು ಹೊರಬಿಡುವ ಬಿಸಿಗಾಳಿಯನ್ನು ಹೊರಹಾಕುವ ಶಕ್ತಿ ನಮ್ಮ ಅಡುಗೆಮನೆಗೆ ಇದೆಯೇ? ಇದಕ್ಕೆ ಬೇಕಾದಷ್ಟು ಅನಿಲವನ್ನು ನಮ್ಮ ಪೈಪು ತಂದು ಕೊಡಬಲ್ಲದೇ? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಉಳಿದ ಮಾದರಿಗಳು ಬಹಳ ಕಡಿಮೆಯಾದವು ಮತ್ತು ಆಯ್ಕೆ ಸುಲಭವಾಯಿತು.

ಗರಿಷ್ಠ ಬಲಕ್ಕೆ ಬೆಲೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಗಂಟೆಗೆ 3,412 ಬಿಟಿಯು ಎಂದರೆ ಒಂದು ಕಿಲೋವ್ಯಾಟ್. ಹಾಗಾಗಿ 18,000 ಬಿಟಿಯು ಬರ್ನರು ಸುಮಾರು 5.3 ಕಿಲೋವ್ಯಾಟ್ ಶಾಖವನ್ನು ಉತ್ಪಾದಿಸುತ್ತದೆ. ತೆರೆದ ಗ್ಯಾಸ್ ಉರಿಯಲ್ಲಿ ಪಾತ್ರೆಯೊಳಗೆ ಸೇರುವುದು ಇದರಲ್ಲಿ ಸುಮಾರು ಶೇಕಡಾ 40 ಮಾತ್ರ, ಉಳಿದದ್ದು ಪಾತ್ರೆಯ ಸುತ್ತ ಮೇಲೇರಿ ಕೋಣೆಗೆ ಹೋಗುತ್ತದೆ. ಈ ಲೆಕ್ಕದಲ್ಲಿ 25 ಡಿಗ್ರಿ ಸೆಲ್ಸಿಯಸ್ ಇರುವ ಐದು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಸುಮಾರು ಹನ್ನೆರಡೂವರೆ ನಿಮಿಷ ಬೇಕು. 9,000 ಬಿಟಿಯು ಬರ್ನರಿನ ಮೇಲೆ ಅದೇ ಕೆಲಸಕ್ಕೆ ಸುಮಾರು ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ದೊಡ್ಡ ಪಾತ್ರೆಯಲ್ಲಿ ಅಡುಗೆ ಮಾಡುವವರಿಗೆ ಈ ವ್ಯತ್ಯಾಸ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಅಗಲ ಕಡಿಮೆಯಿರುವ ಪಾತ್ರೆಯನ್ನು ಅದೇ ದೊಡ್ಡ ಉರಿಯ ಮೇಲಿಟ್ಟರೆ ಜ್ವಾಲೆ ತಳವನ್ನು ದಾಟಿ ಬದಿಗಳನ್ನು ನೆಕ್ಕುತ್ತದೆ, ಹಿಡಿ ಕಾಯುತ್ತದೆ, ಅನಿಲ ವ್ಯರ್ಥವಾಗುತ್ತದೆ. ನಮ್ಮ ಮನೆಯಲ್ಲಿ ಪ್ರತಿದಿನ ಬಳಸುವ ಪಾತ್ರೆಗಳ ತಳವನ್ನು ಅಳೆದು ನೋಡಿದಾಗ ಅಷ್ಟು ದೊಡ್ಡ ಉರಿಯನ್ನು ತುಂಬಿಕೊಳ್ಳಬಲ್ಲವು ಕೆಲವೇ ಇದ್ದವು. ಆದ್ದರಿಂದ ಬಲವಾದ ಬರ್ನರು ಒಂದೋ ಎರಡೋ ಇದ್ದರೆ ಸಾಕು, ಆರೂ ಹಾಗಿರಬೇಕಾಗಿಲ್ಲ ಎಂಬ ತೀರ್ಮಾನಕ್ಕೆ ಬಂದೆ.

ಸಣ್ಣ ಉರಿಯ ವಿಷಯದಲ್ಲಿ ಮಾತ್ರ ನಾನು ಯಾವ ರಿಯಾಯಿತಿಯನ್ನೂ ಕೊಡಲು ಸಿದ್ಧನಿರಲಿಲ್ಲ. ಒಂದೇ ಸುತ್ತಿನ ರಂಧ್ರಗಳಿರುವ ದೊಡ್ಡ ಬರ್ನರಿನಲ್ಲಿ ಅನಿಲದ ಹರಿವನ್ನು ತೀರ ತಗ್ಗಿಸಿದರೆ ಜ್ವಾಲೆ ಅಸ್ಥಿರವಾಗುತ್ತದೆ, ಸ್ವಲ್ಪ ಗಾಳಿ ಬೀಸಿದರೂ ಆರಿಹೋಗುತ್ತದೆ. ಇದನ್ನು ತಯಾರಕರು ಎರಡು ಬಗೆಯಲ್ಲಿ ಪರಿಹರಿಸಿದ್ದಾರೆ. ವುಲ್ಫ್ ಕಂಪನಿಯ ಬರ್ನರುಗಳಲ್ಲಿ ಜ್ವಾಲೆಯ ರಂಧ್ರಗಳು ಎರಡು ಅಂತಸ್ತಿನಲ್ಲಿರುತ್ತವೆ. ನಾಬನ್ನು ಪೂರ್ತಿ ತಗ್ಗಿಸಿದಾಗ ಕೆಳಗಿನ ಅಂತಸ್ತಿನ ಪುಟ್ಟ ಜ್ವಾಲೆ ಮಾತ್ರ ನಿರಂತರವಾಗಿ ಉರಿಯುತ್ತದೆ. ಥರ್ಮಡಾರ್ ಕಂಪನಿಯ ಕೆಲವು ಬರ್ನರುಗಳು ಕನಿಷ್ಠ ಹಂತದಲ್ಲಿ ತಾವಾಗಿಯೇ ಆರಿ, ಮತ್ತೆ ಹೊತ್ತಿಕೊಂಡು, ಸರಾಸರಿ ಶಾಖವನ್ನು ಇಳಿಸುತ್ತವೆ. ಎರಡನೆಯ ವಿಧಾನದಲ್ಲಿ ಇನ್ನೂ ಕಡಿಮೆ ಶಾಖ ಸಾಧ್ಯ. ಆದರೆ ಮತ್ತೆ ಮತ್ತೆ ಕಿಡಿ ಹಾರಿಸುವ ಸದ್ದು ಇರುತ್ತದೆ ಮತ್ತು ವಿದ್ಯುತ್ ಇಲ್ಲದಿದ್ದಾಗ ಆ ಸೌಲಭ್ಯ ಸಿಗುವುದಿಲ್ಲ. ನನಗೆ ನಿರಂತರವಾಗಿ ಉರಿಯುವ ಸಣ್ಣ ಜ್ವಾಲೆಯೇ ಇಷ್ಟವಾಯಿತು.

ಕರಪತ್ರದಲ್ಲಿ ಏನು ಬರೆದಿದ್ದರೂ ಇದನ್ನು ಕಣ್ಣಾರೆ ನೋಡದೆ ಕೊಳ್ಳಬಾರದೆಂದು ನಾನು ಅನಿಲದ ಸಂಪರ್ಕವಿರುವ ಪ್ರದರ್ಶನ ಮಳಿಗೆಗಳಿಗೇ ಹೋದೆ, ದಪ್ಪ ತಳದ ಸಣ್ಣ ಪಾತ್ರೆ ಮತ್ತು ಥರ್ಮಾಮೀಟರನ್ನು ಜೊತೆಗೆ ಒಯ್ದೆ. ಅರ್ಧ ಲೀಟರ್ ನೀರನ್ನು ಕುದಿಸಿ, ಉರಿಯನ್ನು ಪೂರ್ತಿ ತಗ್ಗಿಸಿ, ಮುಚ್ಚಳ ಹಾಕಿ ಇಪ್ಪತ್ತು ನಿಮಿಷ ಬಿಟ್ಟು ನೋಡುವುದು ನನ್ನ ಪರೀಕ್ಷೆಯಾಗಿತ್ತು. ನೀರು 85 ಡಿಗ್ರಿಯ ಆಸುಪಾಸಿನಲ್ಲಿ ನಿಂತರೆ ಆ ಬರ್ನರು ಉತ್ತೀರ್ಣವಾಯಿತು, ಮುಚ್ಚಳದ ಕೆಳಗೆ ಕುದಿಯುತ್ತಲೇ ಇದ್ದರೆ ಇಲ್ಲ. ಉರಿ ಸಣ್ಣದಿರುವಾಗ ಮುಚ್ಚಳವನ್ನು ಬೀಸಣಿಗೆಯಂತೆ ಆಡಿಸಿ ಜ್ವಾಲೆ ನಿಲ್ಲುತ್ತದೆಯೇ ಎಂದೂ ನೋಡಿದೆ. ಹೆಸರುವಾಸಿಯಾದ ಕೆಲವು ಮಾದರಿಗಳು ಈ ಹಂತದಲ್ಲೇ ನನ್ನ ಪಟ್ಟಿಯಿಂದ ಹೊರಬಿದ್ದವು.

ಬರ್ನರಿನ ರಚನೆಯಲ್ಲಿ ಇನ್ನೊಂದು ಮುಖ್ಯ ಭೇದವಿದೆ. ಮುಚ್ಚಿದ ಬರ್ನರುಗಳಲ್ಲಿ ಉಕ್ಕಿದ್ದು ಚೆಲ್ಲಿದ್ದೆಲ್ಲ ಮೇಲ್ಭಾಗದ ತಟ್ಟೆಯ ಮೇಲೆಯೇ ಉಳಿಯುವುದರಿಂದ ಒರೆಸಿದರೆ ಕೆಲಸ ಮುಗಿಯುತ್ತದೆ. ಅಮೆರಿಕದ ಒಲೆ ತಯಾರಕ ಬ್ಲೂಸ್ಟಾರ್‌ನಂಥ ಕಂಪನಿಗಳು ಬಳಸುವ ತೆರೆದ ಬರ್ನರುಗಳಲ್ಲಿ ಜ್ವಾಲೆಗೆ ಬೇಕಾದ ಗಾಳಿ ಕೆಳಗಿನಿಂದ ಧಾರಾಳವಾಗಿ ಬರುತ್ತದೆ, ರಂಧ್ರಗಳು ನಡುವಿನವರೆಗೂ ಹರಡಿರುವುದರಿಂದ ಶಾಖ ಪಾತ್ರೆಯ ಮಧ್ಯಕ್ಕೂ ತಲುಪುತ್ತದೆ, ಗುಂಡುತಳದ ಬಾಣಲೆಗೆ ಅದಕ್ಕಿಂತ ಒಳ್ಳೆಯ ಉರಿ ಇಲ್ಲ. ಅದಕ್ಕೆ ಪ್ರತಿಯಾಗಿ ಚೆಲ್ಲಿದ್ದು ಕೆಳಗಿನ ತಟ್ಟೆಗೆ ಇಳಿಯುತ್ತದೆ ಮತ್ತು ಅದನ್ನು ಹೊರಗೆಳೆದು ತೊಳೆಯಬೇಕು. ಗುಂಡುತಳದ ಪಾತ್ರೆಯಲ್ಲಿ ಜೋರಾದ ಉರಿಯ ಮೇಲೆ ಹುರಿಯುವುದೇ ಮುಖ್ಯವಾಗಿರುವ ಮನೆಯವರಿಗೆ ನಾನು ಸಂಕೋಚವಿಲ್ಲದೆ ತೆರೆದ ಬರ್ನರನ್ನೇ ಸೂಚಿಸುತ್ತೇನೆ. ನಮ್ಮ ಅಡುಗೆ ಹೆಚ್ಚಾಗಿ ನಿಧಾನವಾಗಿ ಬೇಯುವಂಥದ್ದು, ಹಾಗಾಗಿ ಮುಚ್ಚಿದ ಬರ್ನರನ್ನು ಆರಿಸಿಕೊಂಡೆ.

ಅಗಲವಾಗಿ 36 ಇಂಚು, ಎಂದರೆ ಸುಮಾರು 91 ಸೆಂಟಿಮೀಟರ್, ನಮಗೆ ಸರಿಹೋಯಿತು. 30 ಇಂಚಿನದರಲ್ಲಿ ನಾಲ್ಕು ದೊಡ್ಡ ಪಾತ್ರೆಗಳು ಒಟ್ಟಿಗೆ ಕೂರುವುದು ಕಷ್ಟ, 48 ಇಂಚಿನದು ಕಟ್ಟೆಯ ಜಾಗವನ್ನು ಬಹಳ ನುಂಗುತ್ತದೆ. ಬರ್ನರುಗಳ ಮಧ್ಯಬಿಂದುಗಳ ನಡುವಿನ ಅಂತರವನ್ನು ಅಳೆಯುವುದನ್ನು ಮಾತ್ರ ಬಿಡಬಾರದು.

ಓವನ್ನಿನ ವಿಷಯ ಹೆಚ್ಚು ಯೋಚನೆಗೆ ಹಚ್ಚಿತು. ಅನಿಲ ಉರಿದಾಗ ನೀರಾವಿ ಹುಟ್ಟುತ್ತದೆ. ಹದಿನಾರು ಗ್ರಾಂ ಮೀಥೇನ್ ಪೂರ್ತಿ ಉರಿದರೆ ಮೂವತ್ತಾರು ಗ್ರಾಂ ನೀರಾಗುತ್ತದೆ. ಹಾಗಾಗಿ ಗ್ಯಾಸ್ ಓವನ್ನಿನ ಗಾಳಿ ತೇವವಾಗಿರುತ್ತದೆ. ವಿದ್ಯುತ್ ಓವನ್ನಿನ ಗಾಳಿ ಒಣಗಿರುತ್ತದೆ, ತಾಪಮಾನದ ಏರಿಳಿತ ಸಾಮಾನ್ಯವಾಗಿ ಕಡಿಮೆ, ಮೇಲ್ಮೈ ಚೆನ್ನಾಗಿ ಗರಿಗಟ್ಟುತ್ತದೆ. ಮೇಲೆ ಗ್ಯಾಸ್, ಕೆಳಗೆ ವಿದ್ಯುತ್ ಇರುವ ಡ್ಯುಯಲ್ ಫ್ಯುಯೆಲ್ ರೇಂಜನ್ನು ನಾನು ಕೊನೆಗೆ ಆರಿಸಿಕೊಂಡೆ. ಸಮನಾಗಿ ಬೇಯುವುದು ಇದಕ್ಕೆ ಒಂದು ಕಾರಣವಾದರೂ ಅದಕ್ಕಿಂತ ದೊಡ್ಡ ಕಾರಣ ಗಾಳಿಯದು: ಗಂಟೆಗಟ್ಟಲೆ ನಡೆಯುವ ಓವನ್ನಿನ ಕೆಲಸದಿಂದ ಮನೆಯೊಳಗೆ ದಹನದ ಅನಿಲಗಳು ಸೇರುವುದು ಇದರಿಂದ ತಪ್ಪುತ್ತದೆ. ಇದಕ್ಕೆ ಪ್ರತ್ಯೇಕ ವಿದ್ಯುತ್ ಸರ್ಕ್ಯೂಟ್ ಎಳೆಸಬೇಕು, ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಹೋಟೆಲಿನ ಒಲೆಯನ್ನೇ ತಂದು ಮನೆಯಲ್ಲಿಟ್ಟರೆ ಆಗದೇ ಎಂದು ನನ್ನನ್ನು ಕೇಳಿದವರಿದ್ದಾರೆ. ಖಂಡಿತ ಆಗದು. ಅವುಗಳ ಬದಿಗಳಲ್ಲಿ ಮತ್ತು ಹಿಂಬದಿಯಲ್ಲಿ ಮನೆಗೆ ಬೇಕಾದಷ್ಟು ಶಾಖನಿರೋಧಕ ಇರುವುದಿಲ್ಲ. ಅವನ್ನು ಬೆಂಕಿ ಹತ್ತದ ಗೋಡೆಗಳ ನಡುವೆ, ಬಲವಾದ ಚಿಮ್ನಿಯ ಕೆಳಗೆ ಇಡುವುದಕ್ಕೆಂದೇ ರೂಪಿಸಲಾಗಿದೆ, ಮರದ ಕಪಾಟಿಗೆ ಅಂಟಿಸಿ ಇಡುವುದಕ್ಕಲ್ಲ. 1987ರಲ್ಲಿ ಅಮೆರಿಕದ ವೈಕಿಂಗ್ ಕಂಪನಿ ಹೋಟೆಲ್ ಒಲೆಯ ಬಲವನ್ನು ಮನೆಯ ಸುರಕ್ಷತೆಗೆ ಹೊಂದಿಸಿದ ರೇಂಜನ್ನು ಹೊರತಂದ ಮೇಲೆ ಈ ವರ್ಗವೇ ಬೆಳೆಯಿತು. ಮನೆಬಳಕೆಗೆ ಪ್ರಮಾಣೀಕೃತವಾದ ಮಾದರಿ ಸಿಗುತ್ತಿರುವಾಗ ಬೇರೆಯದನ್ನು ಯೋಚಿಸಲು ಕಾರಣವೇ ಇಲ್ಲ.

ಒಲೆಗಿಂತ ಮೊದಲು ಚಿಮ್ನಿಯನ್ನು ನಿರ್ಧರಿಸಿ ಎಂಬುದು ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ಸಾಮಾನ್ಯವಾಗಿ ಬಳಸುವ ಲೆಕ್ಕದ ಪ್ರಕಾರ ಬರ್ನರುಗಳ ಒಟ್ಟು ಬಲದ ಪ್ರತಿ 10,000 ಬಿಟಿಯುಗೆ ನಿಮಿಷಕ್ಕೆ 100 ಘನ ಅಡಿ ಗಾಳಿಯನ್ನು ಹೊರಹಾಕಬೇಕು. ಆರು ಬರ್ನರುಗಳ ಒಟ್ಟು ಬಲ 80,000 ಬಿಟಿಯು ಆದರೆ ಬೇಕಾಗುವುದು 800 ಘನ ಅಡಿ, ಎಂದರೆ ಗಂಟೆಗೆ ಸುಮಾರು 1,360 ಘನ ಮೀಟರ್. ಗಾಳಿಯನ್ನು ಸೋಸಿ ಮತ್ತೆ ಕೋಣೆಗೇ ಬಿಡುವ ಚಿಮ್ನಿ ಜಿಡ್ಡನ್ನು ಹಿಡಿಯಬಹುದು, ಶಾಖ, ನೀರಾವಿ ಮತ್ತು ಉರಿಯಿಂದ ಹುಟ್ಟಿ ಉಸಿರಾಟಕ್ಕೆ ಕೆಡುಕು ಮಾಡುವ ನೈಟ್ರೋಜನ್ ಡೈಆಕ್ಸೈಡನ್ನು ಅದು ಮನೆಯಿಂದ ಹೊರಗೆ ಕಳಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನೈಟ್ರೋಜನ್ ಡೈಆಕ್ಸೈಡಿನ ವಾರ್ಷಿಕ ಸರಾಸರಿ ಮಿತಿಯನ್ನು ಘನ ಮೀಟರಿಗೆ 10 ಮೈಕ್ರೋಗ್ರಾಂಗೆ ಇಳಿಸಿತು, ಮೊದಲು ಅದು 40 ಇತ್ತು. ಮಕ್ಕಳೂ ಉಬ್ಬಸ ಇರುವವರೂ ಇರುವ ಮನೆಯಲ್ಲಿ ಈ ವಿಷಯವನ್ನು ಲಘುವಾಗಿ ಕಾಣಲಾಗದು. ಆದ್ದರಿಂದ ಕೊಳವೆ ನೇರವಾಗಿ ಹೊರಗೋಡೆಯನ್ನು ತಲುಪುವ ಜಾಗದಲ್ಲೇ ಒಲೆಯನ್ನು ಇಡಿಸಿದೆ, ಚಿಮ್ನಿಯನ್ನು ಒಲೆಗಿಂತ ಆರು ಇಂಚು ಅಗಲವಾಗಿ ತೆಗೆದುಕೊಂಡೆ. ಮುಂಭಾಗದ ಬರ್ನರುಗಳ ಹೊಗೆ ತಪ್ಪಿಸಿಕೊಳ್ಳುವುದು ಸುಲಭವಾದ್ದರಿಂದ ಚಿಮ್ನಿ ಅವುಗಳ ಮೇಲೂ ಚಾಚಿಕೊಂಡಿರಬೇಕು. ಹೊರಹೋದಷ್ಟೇ ಗಾಳಿ ಒಳಗೆ ಬರಲು ದಾರಿಯೂ ಬೇಕು. ಕಿಟಕಿ ಬಾಗಿಲುಗಳು ಬಿಗಿಯಾಗಿರುವ ಮನೆಯಲ್ಲಿ ಬಲವಾದ ಚಿಮ್ನಿ ಬೇರೆ ಅನಿಲ ಉಪಕರಣಗಳ ಹೊಗೆಯನ್ನೇ ಒಳಗೆ ಎಳೆದುಕೊಳ್ಳುವ ಅಪಾಯವಿದೆ.

ಅನಿಲದ ಪೈಪಿನ ಲೆಕ್ಕವನ್ನು ಪರವಾನಗಿ ಇರುವ ಫಿಟ್ಟರಿನಿಂದ ಮಾಡಿಸಿದೆ. ಪೈಪಿನ ವ್ಯಾಸ, ಉದ್ದ, ತಿರುವುಗಳು, ಅದೇ ಸಾಲಿನಲ್ಲಿರುವ ವಾಟರ್ ಹೀಟರಿನಂಥ ಇತರ ಉಪಕರಣಗಳ ಬೇಡಿಕೆ, ಇವೆಲ್ಲ ಸೇರಿ ಒಲೆಗೆ ತಲುಪುವ ಒತ್ತಡವನ್ನು ನಿರ್ಧರಿಸುತ್ತವೆ. ಪೈಪು ಕಿರಿದಾದರೆ ಒಂದೇ ಬರ್ನರು ಉರಿಯುವಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಎಲ್ಲವನ್ನೂ ಹಚ್ಚಿದಾಗ ಜ್ವಾಲೆಗಳು ಕುಗ್ಗುತ್ತವೆ. ನಮ್ಮಲ್ಲಿದ್ದ ಹಳೆಯ ಪೈಪಿನ ಒಂದು ಭಾಗವನ್ನು ದೊಡ್ಡ ವ್ಯಾಸದ್ದಕ್ಕೆ ಬದಲಿಸಬೇಕಾಯಿತು. ನೈಸರ್ಗಿಕ ಅನಿಲವೋ ಎಲ್‌ಪಿಜಿಯೋ ಎಂಬುದನ್ನು ಆರ್ಡರ್ ಮಾಡುವಾಗಲೇ ಹೇಳಬೇಕು. ಪ್ರೋಪೇನಿನ ಒಂದು ಘನ ಮೀಟರಿನಲ್ಲಿ ನೈಸರ್ಗಿಕ ಅನಿಲದ ಸುಮಾರು ಎರಡೂವರೆ ಪಟ್ಟು ಶಾಖವಿದೆ. ಅದಕ್ಕೆ ಹೆಚ್ಚಿನ ಒತ್ತಡವೂ ಸಣ್ಣ ರಂಧ್ರದ ಜೆಟ್ಟುಗಳೂ (ಬರ್ನರಿಗೆ ಅನಿಲವನ್ನು ಚಿಮ್ಮಿಸುವ ಪುಟ್ಟ ಮೂತಿಗಳು) ಬೇಕು. ನೈಸರ್ಗಿಕ ಅನಿಲದ ಜೆಟ್ಟಿಗೆ ಎಲ್‌ಪಿಜಿ ಹರಿಸಿದರೆ ಮಸಿ ಕಟ್ಟುವ ದೊಡ್ಡ ಹಳದಿ ಜ್ವಾಲೆ ಏಳುತ್ತದೆ, ಅದು ಅಪಾಯಕಾರಿ. ಸೋರಿಕೆ ಸೂಚಕದ ಜಾಗವೂ ಇದರಿಂದಲೇ ತೀರ್ಮಾನವಾಗುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೂಚಕ ನೆಲದ ಹತ್ತಿರವಿರಬೇಕು, ನೈಸರ್ಗಿಕ ಅನಿಲ ಹಗುರವಾದ್ದರಿಂದ ಛಾವಣಿಯ ಹತ್ತಿರ.

ಜ್ವಾಲೆ ಆರಿದಾಗ ಏನಾಗುತ್ತದೆ ಎಂದು ಪ್ರತಿ ಮಾದರಿಯ ಬಗ್ಗೆಯೂ ಕೇಳಿದೆ. ಕೆಲವದರಲ್ಲಿ ಜ್ವಾಲೆಯಲ್ಲಿ ಕಾಯುವ ಥರ್ಮೋಕಪಲ್ ಕೆಲವೇ ಮಿಲಿವೋಲ್ಟುಗಳಷ್ಟು ವಿದ್ಯುತ್ತನ್ನು ಉತ್ಪಾದಿಸಿ ವಾಲ್ವನ್ನು ತೆರೆದಿಡುತ್ತದೆ. ಉರಿ ಆರಿ ಅದು ತಣ್ಣಗಾದರೆ ವಾಲ್ವು ತಾನೇ ಮುಚ್ಚಿಕೊಳ್ಳುತ್ತದೆ, ಇದಕ್ಕೆ ಹೊರಗಿನ ವಿದ್ಯುತ್ ಬೇಕಿಲ್ಲ. ಇನ್ನು ಕೆಲವದರಲ್ಲಿ ಜ್ವಾಲೆ ಆರಿದೊಡನೆ ಮತ್ತೆ ಕಿಡಿ ಹಾರುತ್ತದೆಯೇ ಹೊರತು ಅನಿಲ ನಿಲ್ಲುವುದಿಲ್ಲ. ವಿದ್ಯುತ್ ಇಲ್ಲದಿರುವಾಗ ಅಂಥದ್ದರ ರಕ್ಷಣೆಯೂ ಇರುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅನಿಲವನ್ನು ನಿಲ್ಲಿಸುವ ವ್ಯವಸ್ಥೆಯೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಿಡಿಭಾಗಗಳು ಮತ್ತು ದುರಸ್ತಿಯ ಬಗ್ಗೆ ವಿಚಾರಿಸಿದ್ದು ಬೇಗ ಮುಗಿಯಿತು. ಬರ್ನರಿನ ತಲೆ, ಕಿಡಿಯ ಮಾಡ್ಯೂಲ್, ಓವನ್ ಬಾಗಿಲಿನ ಕೀಲು ಎಷ್ಟು ದಿನದಲ್ಲಿ ಸಿಗುತ್ತವೆಂದು ಸ್ಪಷ್ಟವಾಗಿ ಹೇಳಲಾಗದ ಮಾರಾಟಗಾರರನ್ನು ನಾನು ಮುಂದೆ ಮಾತನಾಡಿಸಲಿಲ್ಲ.

ಜೋಡಣೆಯ ದಿನ ರೇಂಜ್ ಮುಂದಕ್ಕೆ ವಾಲದಂತೆ ತಡೆಯುವ ಪಟ್ಟಿಯನ್ನು ಗೋಡೆಗೆ ಬಿಗಿಸಿದ್ದನ್ನು ನಾನೇ ಖಚಿತಪಡಿಸಿಕೊಂಡೆ. ತೆರೆದ ಓವನ್ ಬಾಗಿಲಿನ ಮೇಲೆ ಭಾರ ಬಿದ್ದರೆ ಎಷ್ಟೇ ಭಾರದ ಒಲೆಯೂ ಮುಂದಕ್ಕೆ ಬಾಗಬಹುದು. ಅನಿಲದ ಪೈಪಿನ ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿಸಿ ಗುಳ್ಳೆ ಏಳುವುದಿಲ್ಲವೆಂದು ನೋಡಿದ ಮೇಲೆ ಆರೂ ಬರ್ನರುಗಳನ್ನು ಒಟ್ಟಿಗೆ ದೊಡ್ಡ ಉರಿಗೆ ಏರಿಸಿ ಒತ್ತಡವನ್ನು ಅಳೆಯಿಸಿದೆ. ಜ್ವಾಲೆಗಳು ನೀಲಿಯಾಗಿ, ತುದಿಯಲ್ಲಿ ಹಳದಿಯಿಲ್ಲದೆ ನಿಂತವು. ಆಮೇಲೆ ಒಂದೊಂದನ್ನೇ ಕನಿಷ್ಠಕ್ಕೆ ಇಳಿಸಿದಾಗ ಹಿಂಬದಿಯ ಎಡಗಡೆಯ ಬರ್ನರಿನ ಸಣ್ಣ ಉರಿ ಉಳಿದವುಗಳಿಗಿಂತ ಸ್ವಲ್ಪ ದೊಡ್ಡದಾಗಿ ಕಂಡಿತು. ಫಿಟ್ಟರು ನಾಬನ್ನು ಕಳಚಿ, ಅದರ ಹಿಂದಿರುವ ಸಣ್ಣ ತಿರುಪನ್ನು ತಿರುಗಿಸಿ ಅದನ್ನು ಉಳಿದವುಗಳ ಮಟ್ಟಕ್ಕೆ ತಂದರು. ಈ ಹೊಂದಾಣಿಕೆಯನ್ನು ಜೋಡಣೆಯ ದಿನವೇ ಕೇಳಿ ಮಾಡಿಸಿಕೊಳ್ಳಬೇಕು, ಏಕೆಂದರೆ ಕಾರ್ಖಾನೆಯಲ್ಲಿ ಹೊಂದಿಸಿದ ಮಟ್ಟ ಪ್ರತಿ ಮನೆಯ ಅನಿಲದ ಒತ್ತಡಕ್ಕೂ ಸರಿಯಾಗಿ ಕೂರುವುದಿಲ್ಲ.