ರಜೆಯಲ್ಲಿ ಕಪಾಟು ಖಾಲಿ ಮಾಡಿದ್ದು: ಒಂದು ಅರಿವು ಕೇಂದ್ರದ ಬೇಸಿಗೆ ಅನುಭವ

ಬೇಸಿಗೆ ರಜೆಯಲ್ಲಿ ಮಕ್ಕಳ ಕೈಗೆ ಪುಸ್ತಕ ಕೊಟ್ಟು ಮನೆಗೆ ಕಳಿಸಿದರೆ ಅವು ತಿರುಗಿ ಬರುವುದಿಲ್ಲ ಎಂದು ನಮ್ಮ ತಾಲ್ಲೂಕಿನ ಗ್ರಂಥಾಲಯ ಮೇಲ್ವಿಚಾರಕರ ಸಭೆಯಲ್ಲಿ ಬಹುತೇಕ ಎಲ್ಲರೂ ಹೇಳಿದ್ದರು. ಕೊಪ್ಪಳ ಜಿಲ್ಲೆಯ ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯ ಮತ್ತು ಅರಿವು ಕೇಂದ್ರದಿಂದ ಕಳೆದ ಬೇಸಿಗೆ ಒಂದರಲ್ಲೇ, ಅಂದರೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ಸುಮಾರು ಒಂಬೈನೂರು ಬಾರಿ ಪುಸ್ತಕಗಳು ಎರವಲು ಹೋಗಿವೆ. ಬಾರದೆ ಉಳಿದವು ಹತ್ತೋ ಹನ್ನೆರಡೋ ಇರಬಹುದು. ಅವುಗಳಲ್ಲಿ ನಾಲ್ಕು ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ತಾವಾಗಿ ಬಂದವು. ಇಷ್ಟು ಸಣ್ಣ ಕೇಂದ್ರದಲ್ಲಿ ಇದು ಹೇಗಾಯಿತೆಂದು ಈಗ ಹಲವರು ಕೇಳುತ್ತಿರುವುದರಿಂದ, ನಡೆದುದನ್ನು ನಡೆದಂತೆ ಬರೆಯುತ್ತಿದ್ದೇನೆ.

ಮೊದಲ ಬೇಸಿಗೆಯಲ್ಲಿ ನಾವು ಎಲ್ಲರೂ ಮಾಡುವ ಶಿಬಿರವನ್ನೇ ಮಾಡಿದೆವು. ಚಿತ್ರಕಲೆ, ನೃತ್ಯ, ಕೇರಂ, ಹೊರಗಿನವರಿಂದ ವ್ಯಕ್ತಿತ್ವ ವಿಕಸನದ ಭಾಷಣ, ಕೊನೆಗೆ ಪ್ರಮಾಣಪತ್ರ. ಮೊದಲ ದಿನ ಅರವತ್ತಕ್ಕೂ ಹೆಚ್ಚು ಮಕ್ಕಳಿದ್ದರು. ಎರಡನೇ ವಾರದಲ್ಲಿ ಹನ್ನೆರಡು ಹದಿಮೂರು ಮಕ್ಕಳು ಉಳಿದರು. ಸುಮಾರು ಹನ್ನೊಂದು ಸಾವಿರ ರೂಪಾಯಿ ಖರ್ಚಾಯಿತು, ಅದರಲ್ಲಿ ಪುಸ್ತಕಕ್ಕೆ ಹೋದದ್ದು ಒಂದು ರೂಪಾಯಿಯೂ ಇಲ್ಲ. ಬ್ಯಾನರ್, ಶಾಲು, ಹಾರ, ಅತಿಥಿಗಳ ಪ್ರಯಾಣ ವೆಚ್ಚ, ಪ್ರಮಾಣಪತ್ರಗಳ ಮುದ್ರಣ ಇವಕ್ಕೇ ಹಣ ಮುಗಿಯಿತು. ಗ್ರಂಥಾಲಯದಲ್ಲಿ ಶಿಬಿರ ನಡೆಯುವಾಗ ಕುರ್ಚಿಗಳಿಗೆ ಜಾಗ ಬೇಕೆಂದು ಕಪಾಟುಗಳನ್ನು ಗೋಡೆಗೆ ತಿರುಗಿಸಿ ಇಡಬೇಕಾದ ಪರಿಸ್ಥಿತಿ ಬಂದದ್ದು ನನಗೆ ಇಂದಿಗೂ ಸಂಕಟದ ವಿಷಯ.

ಎರಡನೇ ಬೇಸಿಗೆಯಲ್ಲಿ ಓದಿನ ಕಡೆಗೆ ತಿರುಗಿದೆವು, ಆದರೆ ಅದೂ ಬಹುಪಾಲು ಕೆಟ್ಟಿತು. ತರಗತಿವಾರು ಇಪ್ಪತ್ತೈದು ಪುಸ್ತಕಗಳ ಪಟ್ಟಿಯೊಂದನ್ನು ಬಹಳ ಶ್ರಮಪಟ್ಟು ತಯಾರಿಸಿ ಗೋಡೆಗೆ ಅಂಟಿಸಿದೆ. ಅದನ್ನು ನೋಡಿ ಮಕ್ಕಳು ಕೇಳಿ ಪಡೆದದ್ದು ಮೂರು ಪುಸ್ತಕ. ಹೆಚ್ಚು ಓದಿದವರಿಗೆ ಬಹುಮಾನವೆಂದು ಘೋಷಿಸಿದಾಗ ಹದಿನಾರು ಪುಟದ ತೆಳು ಪುಸ್ತಕಗಳೆಲ್ಲ ಒಂದೇ ಬೆಳಿಗ್ಗೆ ಖಾಲಿಯಾದವು. ನಿಧಾನವಾಗಿ ಓದುವ ಮಕ್ಕಳು, ಅಂದರೆ ಯಾರಿಗಾಗಿ ಇದನ್ನು ಮಾಡುತ್ತಿದ್ದೆವೋ ಅವರೇ, ಒಂದು ವಾರದೊಳಗೆ ಬರುವುದನ್ನು ನಿಲ್ಲಿಸಿದರು. ಬಹುಮಾನಕ್ಕೆಂದು ತಂದ ಕಂಪಾಸ್ ಪೆಟ್ಟಿಗೆ, ನೀರಿನ ಬಾಟಲಿಗಳಿಗೆ ಎರಡು ಸಾವಿರದಷ್ಟು ಹೋಯಿತು. ಓದಿಗೆ ಸ್ಪರ್ಧೆ ಇಡಬಾರದೆಂಬುದು ಆ ಬೇಸಿಗೆಯಿಂದ ನನ್ನ ಖಚಿತ ಅಭಿಪ್ರಾಯ.

ಆದರೆ ಆ ವರ್ಷವೇ ಒಂದು ಸಂಗತಿ ಸ್ಪಷ್ಟವಾಯಿತು. ನಮ್ಮ ಕಡೆ ಮೇ ತಿಂಗಳಲ್ಲಿ ಉಷ್ಣಾಂಶ ನಲವತ್ತು ಡಿಗ್ರಿ ದಾಟುತ್ತದೆ, ಕೇಂದ್ರದ ಮೇಲಿರುವುದು ತಗಡು. ಹತ್ತು ಗಂಟೆಗೆ ಬನ್ನಿ ಎಂದರೆ ಯಾರೂ ಬರಲಾರರು. ತಾಯಿ ತಂದೆ ಬೆಳಿಗ್ಗೆಯೇ ನರೇಗಾ ಕೆಲಸಕ್ಕೆ ಹೋಗುತ್ತಿದ್ದರು, ದೊಡ್ಡ ಮಕ್ಕಳು ಚಿಕ್ಕವರನ್ನು ನೋಡಿಕೊಳ್ಳಬೇಕಿತ್ತು. ಹೀಗಾಗಿ ಸಮಯವನ್ನು ಬೆಳಿಗ್ಗೆ ಏಳರಿಂದ ಒಂಬತ್ತೂವರೆಗೆ ಬದಲಿಸಿ, ಕಂಕುಳಲ್ಲಿರುವ ತಮ್ಮ ತಂಗಿಯರನ್ನೂ ಕರೆತರಬಹುದೆಂದು ಡಂಗುರ ಹೊಡೆಸಿದೆ. ಮೂಲೆಯಲ್ಲಿ ಎರಡು ಚಾಪೆ, ಹರಿದರೂ ಚಿಂತೆಯಿಲ್ಲದ ಹಳೆಯ ಚಿತ್ರಪುಸ್ತಕಗಳ ಒಂದು ರಾಶಿ, ಇಷ್ಟೇ ಏರ್ಪಾಡು. ಹುಡುಗಿಯರ ಹಾಜರಾತಿ ಇದರಿಂದಲೇ ಎರಡು ಪಟ್ಟಾಯಿತು.

ಕಳೆದ ಬೇಸಿಗೆಯ ಕ್ರಮವನ್ನು ಹೇಳುವ ಮೊದಲು ಪುಸ್ತಕ ಕಳೆದುಹೋಗುವ ಭಯದ ವಿಷಯ. ದಾಸ್ತಾನು ಪರಿಶೀಲನೆಯಲ್ಲಿ ಕೊರತೆ ಕಂಡರೆ ನಮ್ಮ ಕೈಯಿಂದ ಕಟ್ಟಬೇಕಾದೀತೆಂದೇ ನಮ್ಮಲ್ಲಿ ಅನೇಕರು ಕಪಾಟಿಗೆ ಬೀಗ ಹಾಕುತ್ತೇವೆ. ನಾನು ಪಂಚಾಯಿತಿಯ ಮಾರ್ಚ್ ತಿಂಗಳ ಸಾಮಾನ್ಯ ಸಭೆಯಲ್ಲಿಯೇ ಒಂದು ಠರಾವು ಮಾಡಿಸಿಕೊಂಡೆ: ಬೇಸಿಗೆ ಎರವಲಿನಲ್ಲಿ ನೂರಕ್ಕೆ ಮೂರರವರೆಗೆ ಪುಸ್ತಕ ನಷ್ಟವಾದರೆ ಅದನ್ನು ಬಳಕೆಯಿಂದಾದ ಸವಕಳಿ ಎಂದು ಪರಿಗಣಿಸತಕ್ಕದ್ದು. ಸದಸ್ಯರೊಬ್ಬರು ಬಲವಾಗಿ ವಿರೋಧಿಸಿದರು. ಮಕ್ಕಳಿಗೆ 2020ರಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಂಥಾಲಯದ ಉಚಿತ ಸದಸ್ಯತ್ವ ಕೊಟ್ಟದ್ದು ಅವರು ಬಂದು ಬೋರ್ಡು ನೋಡಿಕೊಂಡು ಹೋಗಲೆಂದಲ್ಲ ಎಂದು ವಿವರಿಸಿ, ಹಿಂದಿನ ವರ್ಷದ ಎರವಲು ವಹಿಯನ್ನು ತೆರೆದು ಖಾಲಿ ಪುಟಗಳನ್ನು ತೋರಿಸಿದ ಮೇಲೆ ಠರಾವು ಪಾಸಾಯಿತು. ಈ ಕಾಗದವಿಲ್ಲದೆ ಯಾರೂ ಈ ಕೆಲಸಕ್ಕೆ ಇಳಿಯಬಾರದು.

ಇನ್ನು ಕ್ರಮ. ಪ್ರತಿದಿನ ಬೆಳಿಗ್ಗೆ ಇಪ್ಪತ್ತು ನಿಮಿಷ ನಾನು ಗಟ್ಟಿಯಾಗಿ ಓದುತ್ತೇನೆ ಮತ್ತು ಕಥೆಯನ್ನು ಮುಗಿಸುವುದಿಲ್ಲ. ಉಳಿದದ್ದು ಬೇಕಾದವರು ಪುಸ್ತಕವನ್ನು ಮನೆಗೆ ಒಯ್ಯಬೇಕು. ಇದಕ್ಕಾಗಿ ಆ ಪುಸ್ತಕದ ನಾಲ್ಕೈದು ಪ್ರತಿ ಇರಲೇಬೇಕು. ಒಂದೇ ಪ್ರತಿಯಿದ್ದರೆ ಒಂದು ಮಗುವಿಗೆ ಸಂತೋಷವಾಗಿ ಇಪ್ಪತ್ತು ಮಕ್ಕಳಿಗೆ ನಿರಾಶೆಯಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ನನ್ನದೇ ಒಂದು ಲೆಕ್ಕವಿದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ. ಕಥೆಯ ಅತ್ಯಂತ ರೋಚಕ ಜಾಗದಲ್ಲಂತೂ ನಿಲ್ಲಿಸುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಎರಡನೆಯದು ಚೀಟಿ. ಪಂಚಾಯಿತಿಯಲ್ಲಿ ಉಳಿದ ಹಳೆಯ ನಮೂನೆಗಳ ಖಾಲಿ ಬೆನ್ನನ್ನು ನಾಲ್ಕು ತುಂಡು ಮಾಡಿ, ಪುಸ್ತಕ ಹಿಂದಿರುಗಿಸುವ ಮಗುವಿನಿಂದ ಮೂರು ಸಾಲು ಬರೆಸುತ್ತೇವೆ: ಪುಸ್ತಕದ ಹೆಸರು, ಅದರಲ್ಲಿ ಏನಿದೆ, ಇದನ್ನು ಊರಿನಲ್ಲಿ ಯಾರು ಓದಬೇಕು. ಈ ಮೂರನೆಯ ಸಾಲೇ ಇಡೀ ಕ್ರಮದ ಜೀವ. ಆರನೇ ತರಗತಿಯ ಹುಡುಗಿಯೊಬ್ಬಳ ಚೀಟಿ ನನ್ನ ಮುಂದಿದೆ: ‘ಈ ಪುಸ್ತಕದಾಗ ನಾಯಿ ಐತಿ, ಆದ್ರ ಸಾಯಂಗಿಲ್ಲ. ಹಿಂದಿನ ಕತಿಗೆ ಅತ್ತಾಳಲ್ಲ, ನಮ್ಮ ಕಾಕಾನ ಮಗಳು, ಆಕಿ ಓದ್ಲಿ.’ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದ ಸಣ್ಣ ನಾಯಿಯೂ ಇದೆ. ಆ ಚೀಟಿಯನ್ನು ಪುಸ್ತಕದೊಳಗೆ ಅರ್ಧ ಹೊರಗೆ ಕಾಣುವಂತೆ ಇಟ್ಟು, ಮುಖಪುಟ ಎದುರಿಗಿರುವಂತೆ ಪುಸ್ತಕವನ್ನು ದಾರದ ಮೇಲೆ ತೂಗುಹಾಕುತ್ತೇವೆ. ಕಾಕಾನ ಮಗಳು ಮರುದಿನವೇ ಬಂದು ಒಯ್ದಳು. ನಾನು ಹದಿನೈದು ನಿಮಿಷ ಕೂತು ಹೇಳಿದ್ದರೂ ಆ ಮಗುವಿಗೆ ಅಷ್ಟು ಸರಿಯಾದ ಪುಸ್ತಕವನ್ನು ಆರಿಸಿಕೊಡಲು ನನ್ನಿಂದ ಆಗುತ್ತಿರಲಿಲ್ಲ.

ಯಾವ ಪುಸ್ತಕಗಳು ಓಡಿದವು ಎಂಬ ಪ್ರಶ್ನೆಗೆ: ಚಿಕ್ಕವರಲ್ಲಿ ಪ್ರಥಮ್ ಬುಕ್ಸ್‌ನ ಚಿತ್ರಪುಸ್ತಕಗಳು ಮತ್ತು ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಓದತೊಡಗಿದರೆ ಇಲಿಗಳ ಸಾಲುಗಳು ಬಂದಾಗ ಚಾಪೆಯ ಮೇಲಿನ ಕೂಸುಗಳೂ ದನಿಗೂಡಿಸುತ್ತವೆ. ಪ್ರೌಢಶಾಲೆಯ ಹುಡುಗರು ಗ್ರಂಥಾಲಯವೆಂದರೆ ದೂರ ಸರಿಯುವವರು. ಅವರನ್ನು ಹಿಡಿದು ಕೂರಿಸಿದ್ದು ತೇಜಸ್ವಿಯವರ ‘ಪರಿಸರದ ಕತೆ’. ನನಗೆ ಅತ್ಯಂತ ತೃಪ್ತಿ ತಂದದ್ದು ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’. ಅದರಲ್ಲಿರುವುದು ಮಲೆನಾಡಿನ ಮುಳುಗಡೆಯಾದರೂ, ನಮ್ಮ ಪಂಚಾಯಿತಿಯ ಕೆಲವು ಮನೆಗಳವರು ತುಂಗಭದ್ರಾ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಬಂದವರು. ಮಕ್ಕಳು ಅದನ್ನು ಮನೆಗೆ ಒಯ್ದು ಅಜ್ಜಿಯರಿಗೆ ಓದಿ ಹೇಳಿದರು, ಅಜ್ಜಿಯರು ತಮ್ಮ ಊರಿನ ಕಥೆ ಹೇಳಿದರು, ಆ ಕಥೆಗಳೂ ಚೀಟಿಗಳಲ್ಲಿ ಬಂದವು. ಪುಸ್ತಕ ಮನೆಗೆ ಹೋಗದೆ ಇದು ಆಗುವ ಮಾತೇ ಅಲ್ಲ.

ನಡುವೆ ಒಂದೆರಡು ಬೇರೆ ಪ್ರಯೋಗಗಳೂ ಆದವು. ನಮ್ಮ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಮಕ್ಕಳು ಗೊಂಬೆ ಮಾಡೋಣವೆಂದು ಹಟ ಹಿಡಿದರು. ರಟ್ಟಿನ ಗೊಂಬೆ, ಬಿಳಿ ಪಂಚೆ, ಹಿಂದೆ ಒಂದು ಬಲ್ಬು. ಓದಿದ ಪುಸ್ತಕವೇ ಆಟದ ಕಥೆ. ಖರ್ಚು ನಾನೂರರ ಒಳಗೆ. ಸಂಜೆಯ ಆಟಕ್ಕೆ ತಾಯಂದಿರು ಬಂದರು, ಆ ವಾರ ಮೂವತ್ತರಷ್ಟು ದೊಡ್ಡವರು ಸದಸ್ಯರಾದರು. ಹಿರೇಬೆಣಕಲ್ಲಿನ ಕಲ್ಮನೆಗಳನ್ನು, ಅಂದರೆ ಪ್ರಾಚೀನ ಕಾಲದ ಕಲ್ಲುಚಪ್ಪಡಿಯ ಸಮಾಧಿಗಳನ್ನು, ನೋಡಲು ಟೆಂಪೊ ಮಾಡಿಕೊಂಡು ಹೋದದ್ದಕ್ಕೆ ಮೂರೂವರೆ ಸಾವಿರ ಆಯಿತು, ಮಕ್ಕಳು ಬಹಳ ನಲಿದರು. ಆದರೆ ಮರುದಿನ ಆ ವಿಷಯ ಓದಲು ಕೇಳಿದಾಗ ಅವರ ಮಟ್ಟದ ಕನ್ನಡ ಪುಸ್ತಕ ನಮ್ಮ ಕಪಾಟಿನಲ್ಲಿ ಒಂದೂ ಇರಲಿಲ್ಲ. ಅಂಥ ಪ್ರವಾಸಕ್ಕೆ ಹೋಗುವ ಮುನ್ನ ಪುಸ್ತಕ ಹೊಂದಿಸಿಕೊಳ್ಳುವುದು ಒಳ್ಳೆಯದು.

ಕಳೆದ ಬೇಸಿಗೆಯ ಒಟ್ಟು ಖರ್ಚು ಹದಿನಾಲ್ಕು ಸಾವಿರದ ಆಸುಪಾಸು. ಹೆಚ್ಚುವರಿ ಪ್ರತಿಗಳಿಗೆ ಆರು ಸಾವಿರ, ಮಂಡಕ್ಕಿ, ಶೇಂಗಾ, ಬೆಲ್ಲಕ್ಕೆ ಮೂರು ಸಾವಿರ, ಉಳಿದದ್ದು ಟೆಂಪೊ, ಚಾಪೆ, ದಾರ, ರಟ್ಟು, ಕುಡಿಯುವ ನೀರಿಗೆ. ಅರ್ಧಕ್ಕಿಂತ ಹೆಚ್ಚು ಗ್ರಂಥಾಲಯ ಉಪಕರದಿಂದ ಬಂತು. ಆಸ್ತಿ ತೆರಿಗೆಯ ಮೇಲಿನ ಶೇ 6 ಎಂದರೆ ನಮ್ಮಂಥ ಪಂಚಾಯಿತಿಯಲ್ಲಿ ದೊಡ್ಡ ಮೊತ್ತವಲ್ಲ, ಆದರೂ ಅದು ಗ್ರಂಥಾಲಯದ್ದೇ ಹಣ, ಕೇಳಿ ಪಡೆಯಬೇಕು. ಎರಡು ಸಾವಿರ ನಿವೃತ್ತ ಶಿಕ್ಷಕರೊಬ್ಬರು ಕೊಟ್ಟರು, ಮಿಕ್ಕದ್ದು ಪಂಚಾಯಿತಿಯ ಸ್ವಂತ ನಿಧಿಯಿಂದ. ಪ್ರತಿಗಳು ಸಾಲದಾದಾಗ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಮುಕ್ತ ಪರವಾನಗಿಯಲ್ಲಿ, ಅಂದರೆ ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದಾದಂತೆ, ಸಿಗುವ ಕನ್ನಡ ಕಥೆಗಳನ್ನು ಕಪ್ಪು ಬಿಳುಪಿನಲ್ಲಿ ಮುದ್ರಿಸಿ ದಾರದಲ್ಲಿ ಹೊಲಿದೆವು, ಒಂದಕ್ಕೆ ಹದಿನೈದು ರೂಪಾಯಿಯೊಳಗೆ ಬಿತ್ತು. ಬಣ್ಣ ತುಂಬಿದವರು ಮಕ್ಕಳು.

ವಾಪಸಾತಿಗೆ ಠೇವಣಿಯೂ ಇಲ್ಲ, ದಂಡವೂ ಇಲ್ಲ. ಓಣಿಗೊಬ್ಬರಂತೆ ಆರು ಮಕ್ಕಳ ಕೈಯಲ್ಲಿ ಒಂದೊಂದು ನೋಟುಬುಕ್ಕಿದೆ. ತಮ್ಮ ಓಣಿಯಲ್ಲಿ ಯಾವ ಪುಸ್ತಕ ಯಾವ ಮನೆಯಲ್ಲಿದೆ ಎಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಈ ಆರು ಮಕ್ಕಳನ್ನು ಹೇಗೆ ಆರಿಸುತ್ತೇನೆಂಬುದನ್ನೂ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಆದರೆ ಅವರು ತರಗತಿಯಲ್ಲಿ ಮೊದಲಿಗರಾಗಿರುವ ಮಕ್ಕಳಲ್ಲ.

ನಮ್ಮನ್ನು ನೋಡಿ ಅಕ್ಕಪಕ್ಕದ ಎರಡು ಕೇಂದ್ರಗಳು ಇದನ್ನು ಕಳೆದ ಮೇ ತಿಂಗಳಲ್ಲೇ ಶುರುಮಾಡಿದವು. ಒಂದು ಕಡೆ ಚೆನ್ನಾಗಿ ನಡೆಯಿತು. ಇನ್ನೊಂದು ಕಡೆ ಚೀಟಿಗಳನ್ನು ಅಂದವಾಗಿ ಮುದ್ರಿಸಿದ್ದರು, ಆದರೆ ಅದರಲ್ಲಿ ‘ಯಾರು ಓದಬೇಕು’ ಎಂಬ ಸಾಲಿನ ಬದಲು ‘ಈ ಪುಸ್ತಕದಿಂದ ಕಲಿತ ನೀತಿ’ ಎಂದಿತ್ತು. ಎರಡು ವಾರಗಳಲ್ಲಿ ಬಂದ ಚೀಟಿಗಳು ಹತ್ತರೊಳಗೆ. ಈ ವರ್ಷ ಆ ಸಾಲನ್ನು ಬದಲಿಸುವಂತೆ ಅಲ್ಲಿನ ಮೇಲ್ವಿಚಾರಕರಿಗೆ ಹೇಳಿದ್ದೇನೆ, ಅವರು ತಮ್ಮ ಪಂಚಾಯಿತಿಯ ಮಾರ್ಚ್ ಸಭೆಗೆ ಪುಸ್ತಕ ನಷ್ಟದ ಠರಾವನ್ನೂ ಸಿದ್ಧಮಾಡಿಕೊಂಡಿದ್ದಾರೆ.