ಒಪ್ಪಿಗೆ ಪಡೆದು ಕಳುಹಿಸುವ ಇಮೇಲ್ ಸುದ್ದಿಪತ್ರ: ವ್ಯವಹಾರಸ್ಥರಿಗೆ ಒಂದು ಮಾರ್ಗದರ್ಶಿ

ವ್ಯವಹಾರಕ್ಕಾಗಿ ಇಮೇಲ್ ಸುದ್ದಿಪತ್ರ ಆರಂಭಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ತಂತ್ರಾಂಶ ಒಳ್ಳೆಯದು ಎಂದು. ಅದಕ್ಕಿಂತ ಮುಂಚೆ ಯಾರಿಗೆ, ಏನನ್ನು, ಎಷ್ಟು ದಿನಕ್ಕೊಮ್ಮೆ ಕಳುಹಿಸುತ್ತೇವೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಬೇಕು. ‘ಸಣ್ಣ ಕಚೇರಿಗಳ ಲೆಕ್ಕಪತ್ರ ನೋಡಿಕೊಳ್ಳುವವರಿಗೆ ತಿಂಗಳಿಗೊಮ್ಮೆ, ಕೆಲಸಕ್ಕೆ ಬರುವ ಒಂದು ವಿಧಾನ’ ಎಂಬಂತಹ ವಾಕ್ಯ ಸಾಕು. ‘ನಮ್ಮ ಸುದ್ದಿಗಳು ಮತ್ತು ಕೊಡುಗೆಗಳು’ ಎಂಬುದಕ್ಕಿಂತ ಹೆಚ್ಚೇನೂ ಬರೆಯಲು ತೋಚದಿದ್ದರೆ ಸುದ್ದಿಪತ್ರಕ್ಕೆ ಇನ್ನೂ ಕಾಲ ಕೂಡಿಬಂದಿಲ್ಲವೆಂದೇ ತಿಳಿಯಬೇಕು. ಓದುಗರು ಒಪ್ಪಿಗೆ ಕೊಡುವುದು ಈ ವಾಕ್ಯಕ್ಕೆ. ಪಟ್ಟಿ ಕಟ್ಟುವುದು, ಪತ್ರ ಬರೆಯುವುದು, ಹೆಸರು ತೆಗೆಯುವುದು ಎಲ್ಲವೂ ಮುಂದೆ ಇದನ್ನೇ ಹಿಡಿದು ನಡೆಯುತ್ತವೆ.

ನೋಂದಣಿಯ ಫಾರ್ಮ್‌ನಲ್ಲಿ ಆ ವಾಕ್ಯವನ್ನು ಇದ್ದಂತೆಯೇ ಹಾಕಿ, ಅದರ ಕೆಳಗೆ ಇಮೇಲ್ ವಿಳಾಸವನ್ನು ಮಾತ್ರ ಕೇಳಬೇಕು. ಹೆಸರು ಕೇಳಬಹುದು, ಆದರೆ ಕಡ್ಡಾಯ ಮಾಡಬಾರದು. ದೂರವಾಣಿ ಸಂಖ್ಯೆ, ಹುದ್ದೆ, ಹುಟ್ಟಿದ ದಿನಾಂಕಗಳನ್ನು ಕೇಳಿದಷ್ಟೂ ಅರ್ಧಕ್ಕೇ ಬಿಟ್ಟುಹೋಗುವವರು ಹೆಚ್ಚುತ್ತಾರೆ. ಖರೀದಿಯ ಪುಟದಲ್ಲಿ ಒಪ್ಪಿಗೆ ಕೇಳುವುದಾದರೆ ಅಲ್ಲಿನ ಚೌಕದಲ್ಲಿ ಮೊದಲೇ ಗುರುತು ಹಾಕಿಡಬಾರದು. ಐರೋಪ್ಯ ಒಕ್ಕೂಟದಲ್ಲಿ 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ದತ್ತಾಂಶ ರಕ್ಷಣೆಯ ನಿಯಮಗಳು ಹಾಗೆ ಮೊದಲೇ ಗುರುತಿಟ್ಟ ಚೌಕವನ್ನು ಒಪ್ಪಿಗೆಯೆಂದು ಪರಿಗಣಿಸುವುದಿಲ್ಲ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು ಎಂದೂ ಅವು ಹೇಳುತ್ತವೆ. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಮುಂಚಿತ ಒಪ್ಪಿಗೆಯನ್ನು ಕಡ್ಡಾಯಗೊಳಿಸದಿದ್ದರೂ, ಪತ್ರದಲ್ಲಿ ಅಂಚೆ ವಿಳಾಸ ಇರಬೇಕೆಂದೂ, ಬೇಡವೆಂದವರ ಹೆಸರನ್ನು 10 ಕೆಲಸದ ದಿನಗಳೊಳಗೆ ತೆಗೆಯಬೇಕೆಂದೂ ವಿಧಿಸುತ್ತದೆ. ಓದುಗರು ಯಾವ ದೇಶದವರೆಂದು ಇಮೇಲ್ ವಿಳಾಸ ನೋಡಿ ಹೇಳಲಾಗದ ಕಾರಣ, ಎಲ್ಲಕ್ಕಿಂತ ಬಿಗಿಯಾದ ನಿಯಮವನ್ನೇ ಎಲ್ಲರಿಗೂ ಅನ್ವಯಿಸಿಕೊಳ್ಳುವುದು ಲೇಸು. ಯಾರು, ಯಾವ ದಿನ, ಯಾವ ಫಾರ್ಮ್‌ನ ಮೂಲಕ, ಯಾವ ಮಾತುಗಳನ್ನು ಓದಿ ಒಪ್ಪಿದರು ಎಂಬ ದಾಖಲೆಯನ್ನೂ ಇಟ್ಟುಕೊಳ್ಳಬೇಕು.

ಫಾರ್ಮ್ ತುಂಬಿದವರ ವಿಳಾಸಕ್ಕೆ ದೃಢೀಕರಣದ ಪತ್ರವೊಂದನ್ನು ಕಳುಹಿಸಿ, ಅದರಲ್ಲಿನ ಕೊಂಡಿಯನ್ನು ಒತ್ತಿದ ಮೇಲಷ್ಟೇ ಪಟ್ಟಿಗೆ ಸೇರಿಸುವ ಪದ್ಧತಿಗೆ ಡಬಲ್ ಆಪ್ಟ್-ಇನ್ ಎನ್ನುತ್ತಾರೆ. ಈ ಎರಡನೇ ಹೆಜ್ಜೆಯಲ್ಲಿ ಒಂದಷ್ಟು ಜನ ಉಳಿದುಹೋಗುತ್ತಾರೆಂಬ ಆಕ್ಷೇಪ ನಿಜವೇ. ಆದರೂ ನಾನು ಈ ಪದ್ಧತಿಯನ್ನೇ ಸೂಚಿಸುತ್ತೇನೆ. ಏಕೆಂದರೆ ತಪ್ಪಾಗಿ ಟೈಪ್ ಮಾಡಿದ ವಿಳಾಸಗಳು, ಇನ್ನೊಬ್ಬರ ವಿಳಾಸ ಹಾಕಿ ಕೀಟಲೆ ಮಾಡುವವರು, ಫಾರ್ಮ್ ಕಂಡಲ್ಲೆಲ್ಲ ತುಂಬುತ್ತಾ ಹೋಗುವ ಬಾಟ್ ಎಂಬ ಸ್ವಯಂಚಾಲಿತ ತಂತ್ರಾಂಶಗಳು, ಇವೆಲ್ಲ ಸೋಸಿಹೋಗುವುದು ಇಲ್ಲಿಯೇ. ದೃಢೀಕರಣದ ಪತ್ರ ಚಿಕ್ಕದಾಗಿರಬೇಕು: ‘ಈ ವಿಳಾಸಕ್ಕೆ ನಮ್ಮ ಮಾಸಿಕ ಪತ್ರ ಬೇಕೆಂದು ಕೋರಿಕೆ ಬಂದಿದೆ. ಕೋರಿದವರು ನೀವೇ ಆಗಿದ್ದರೆ ಕೆಳಗಿನ ಕೊಂಡಿಯನ್ನು ಒತ್ತಿ. ಅಲ್ಲವಾದರೆ ಏನೂ ಮಾಡಬೇಕಾಗಿಲ್ಲ, ನಾವು ಮತ್ತೆ ಬರೆಯುವುದಿಲ್ಲ.’ ಇದರಲ್ಲಿ ಜಾಹೀರಾತನ್ನು ತುರುಕಬಾರದು. ಕೊಂಡಿ ಒತ್ತಿದ ಕೂಡಲೇ ಸ್ವಾಗತ ಪತ್ರ ಹೋಗಬೇಕು, ಏಕೆಂದರೆ ಓದುಗರಿಗೆ ನಿಮ್ಮ ನೆನಪು ಹಸಿಯಾಗಿರುವುದು ಆ ಗಳಿಗೆಯಲ್ಲಿ ಮಾತ್ರ.

ಪಟ್ಟಿಯನ್ನು ಹಣ ಕೊಟ್ಟು ಕೊಳ್ಳುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಕೊಳ್ಳಬಾರದು. ಅಂಥ ಪಟ್ಟಿಗಳಲ್ಲಿ ಸ್ಪ್ಯಾಮ್ ಕಳುಹಿಸುವವರನ್ನು ಹಿಡಿಯಲೆಂದೇ ಇಟ್ಟ ಬಲೆಯ ವಿಳಾಸಗಳೂ ಸೇರಿಕೊಂಡಿರುತ್ತವೆ. ಇದಕ್ಕಿಂತ ಸುಲಭವಾಗಿ ಮೋಸಹೋಗುವ ದಾರಿ ಇನ್ನೊಂದಿದೆ. ಒಮ್ಮೆ ವಸ್ತುಪ್ರದರ್ಶನವೊಂದರಲ್ಲಿ ಕೈಸೇರಿದ ವಿಸಿಟಿಂಗ್ ಕಾರ್ಡ್‌ಗಳ ವಿಳಾಸಗಳನ್ನೆಲ್ಲ, ಪರಿಚಯದವರಲ್ಲವೇ ಎಂಬ ಧೈರ್ಯದಿಂದ, ನಾನೇ ಪಟ್ಟಿಗೆ ಸೇರಿಸಿದ್ದೆ. ಮರುದಿನ ಬಂದ ಉತ್ತರಗಳಲ್ಲಿ ಒಂದು ಇಷ್ಟೇ ಇತ್ತು: ‘ಕಾರ್ಡ್ ಕೊಟ್ಟದ್ದು ದರಪಟ್ಟಿಗಾಗಿ.’ ಕೇಳಿದ್ದ ದರಪಟ್ಟಿಯನ್ನು ನಾನು ಆಗಲೂ ಕಳುಹಿಸಿರಲಿಲ್ಲ.

ತಾಂತ್ರಿಕ ಸಿದ್ಧತೆ ಒಂದು ಮಧ್ಯಾಹ್ನದ ಕೆಲಸ, ಆದರೆ ಅದನ್ನು ಬಿಟ್ಟರೆ ಪತ್ರ ತಲುಪುವುದೇ ಅನುಮಾನ. ಉಚಿತ ಇಮೇಲ್ ಖಾತೆಯಿಂದ ಸಾಮೂಹಿಕ ಪತ್ರ ಕಳುಹಿಸದೆ ಸ್ವಂತ ಡೊಮೇನ್ (ನಿಮ್ಮದೇ ಹೆಸರಿನ ಅಂತರ್ಜಾಲ ವಿಳಾಸ) ಬಳಸಬೇಕು, ಮತ್ತು ಅದರ ವಿವರಗಳನ್ನು ಇತರ ಸರ್ವರ್‌ಗಳಿಗೆ ತಿಳಿಸುವ ಡಿಎನ್‌ಎಸ್‌ನಲ್ಲಿ ಮೂರು ದಾಖಲೆಗಳಿರಬೇಕು. ನಿಮ್ಮ ಪರವಾಗಿ ಯಾವ ಸರ್ವರ್‌ಗಳು ಪತ್ರ ಕಳುಹಿಸಬಹುದು ಎಂಬುದನ್ನು ಎಸ್‌ಪಿಎಫ್ ತಿಳಿಸುತ್ತದೆ. ದಾರಿಯಲ್ಲಿ ಯಾರೂ ಪತ್ರವನ್ನು ತಿದ್ದಿಲ್ಲವೆಂದು ಪರಿಶೀಲಿಸಲು ಬೇಕಾದ ಡಿಜಿಟಲ್ ಸಹಿಯ ಕೀಲಿ ಡಿಕೆಐಎಂನಲ್ಲಿರುತ್ತದೆ. ಇವೆರಡೂ ತಾಳೆಯಾಗದಿದ್ದಾಗ ಪತ್ರವನ್ನು ಏನು ಮಾಡಬೇಕೆಂಬುದು ಡಿಎಂಎಆರ್‌ಸಿಯಲ್ಲಿರುತ್ತದೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರಿಗೆ ಗೂಗಲ್ 2024ರ ಫೆಬ್ರವರಿಯಿಂದ ಇವು ಮೂರನ್ನೂ ಕಡ್ಡಾಯ ಮಾಡಿದೆ. ಜೊತೆಗೆ, ಪ್ರಚಾರದ ಪತ್ರಗಳಿಂದ ಒಂದೇ ಕ್ಲಿಕ್‌ನಲ್ಲಿ ಹೊರಬರುವ ಸೌಲಭ್ಯವಿರಬೇಕು, ಕೋರಿಕೆ ಎರಡು ದಿನಗಳಲ್ಲಿ ಜಾರಿಯಾಗಬೇಕು, ಸ್ಪ್ಯಾಮ್ ದೂರಿನ ಪ್ರಮಾಣ ಶೇ 0.3ನ್ನು ಮುಟ್ಟಬಾರದು. ಶೇ 0.3 ಎಂದರೆ ಸಾವಿರ ಪತ್ರಗಳಿಗೆ ಮೂರು ದೂರು. ಪಟ್ಟಿ ಚಿಕ್ಕದಿದ್ದವರೂ ಈ ಲೆಕ್ಕವನ್ನು ಗಮನದಲ್ಲಿಟ್ಟುಕೊಂಡರೆ, ಹೊರಬರುವ ಕೊಂಡಿಯನ್ನು ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಬಚ್ಚಿಡುವ ಆಸೆ ತಾನಾಗಿಯೇ ಕಡಿಮೆಯಾಗುತ್ತದೆ. ಕೊಂಡಿ ಸಿಗದ ಓದುಗರ ಕೈ ಹೋಗುವುದು ಸ್ಪ್ಯಾಮ್ ಗುಂಡಿಗೇ.

ಪತ್ರ ಬರೆಯುವಾಗ ಒಂದು ಸಂಚಿಕೆಗೆ ಒಂದೇ ವಿಷಯ ಇರಲಿ. ವಿಷಯದ ಸಾಲು ಒಳಗಿರುವುದನ್ನೇ ಹೇಳಬೇಕು. ‘ನಮ್ಮ ಮಾರ್ಚ್ ಸುದ್ದಿಪತ್ರ’ ಎಂದು ಬರೆದರೆ ತೆರೆಯಲು ಕಾರಣವೇ ಇಲ್ಲ. ‘ನೀವು ಇದನ್ನು ನಂಬಲಾರಿರಿ!’ ಎಂದರೆ ಒಮ್ಮೆ ತೆರೆದವರು ಮುಂದಿನ ಬಾರಿ ತೆರೆಯುವುದಿಲ್ಲ. ‘ಬಾಕಿ ಬಿಲ್ ವಸೂಲಿಗೆ ಮೂರು ಸಾಲಿನ ಜ್ಞಾಪನಾ ಪತ್ರ’ ಎಂದರೆ ಬೇಕಾದವರು ಖಂಡಿತ ತೆರೆಯುತ್ತಾರೆ. ಮೊಬೈಲ್ ಪರದೆಯಲ್ಲಿ ಸಾಲಿನ ಕೊನೆ ಕತ್ತರಿಸಿ ಹೋಗುವುದರಿಂದ ಮುಖ್ಯ ಪದಗಳು ಮೊದಲಿಗೇ ಬರಬೇಕು. ಕಳುಹಿಸುವವರ ಹೆಸರು ಪ್ರತಿ ಬಾರಿಯೂ ಒಂದೇ ಆಗಿರಲಿ, ಮತ್ತು ಉತ್ತರ ಬರೆದರೆ ಯಾರಾದರೂ ಓದುವಂತಹ ವಿಳಾಸದಿಂದಲೇ ಪತ್ರ ಹೋಗಲಿ. ಪತ್ರವನ್ನೆಲ್ಲ ಒಂದೇ ದೊಡ್ಡ ಚಿತ್ರವಾಗಿ ಮಾಡಿ ಕಳುಹಿಸಿದರೆ, ಚಿತ್ರಗಳನ್ನು ತಡೆಹಿಡಿದವರಿಗೆ ಕಾಣುವುದು ಖಾಲಿ ಚೌಕ. ಪತ್ರದ ಎಚ್‌ಟಿಎಂಎಲ್ (ಬರಹ ಮತ್ತು ವಿನ್ಯಾಸದ ಸಂಕೇತ) ಗಾತ್ರ ಸುಮಾರು 102 ಕಿಲೋಬೈಟ್ ದಾಟಿದರೆ ಜಿಮೇಲ್ ಉಳಿದ ಭಾಗವನ್ನು ಮಡಚಿಡುತ್ತದೆ. ಕೆಳತುದಿಯಲ್ಲಿರುವ ಹೊರಬರುವ ಕೊಂಡಿ ಮರೆಯಾಗುವುದೂ ಆಗಲೇ.

ಫಲಿತಾಂಶ ಅಳೆಯುವಾಗ ಎಷ್ಟು ಮಂದಿ ಪತ್ರ ತೆರೆದರು ಎಂಬ ಅಂಕಿಯನ್ನು ನೆಚ್ಚಿಕೊಳ್ಳಬಾರದು. ಆ ಎಣಿಕೆ ನಡೆಯುವುದು ಪತ್ರದಲ್ಲಿ ಅಡಗಿಸಿಟ್ಟ, ಕಣ್ಣಿಗೆ ಕಾಣದ ಪುಟ್ಟ ಚಿತ್ರದ ಮೂಲಕ. ಆ್ಯಪಲ್ 2021ರಲ್ಲಿ ತನ್ನ ಮೇಲ್ ಆ್ಯಪ್‌ಗೆ ತಂದ ಖಾಸಗಿತನದ ವ್ಯವಸ್ಥೆ ಅಂತಹ ಚಿತ್ರಗಳನ್ನು ಓದುಗರು ತೆರೆಯುವ ಮುನ್ನವೇ ಇಳಿಸಿಕೊಳ್ಳುವುದರಿಂದ, ಓದದ ಪತ್ರವೂ ಓದಿದ ಲೆಕ್ಕಕ್ಕೆ ಸೇರುತ್ತದೆ. ಒಳಗಿನ ಕೊಂಡಿಗಳ ಮೇಲಿನ ಕ್ಲಿಕ್, ಬಂದ ಉತ್ತರಗಳು, ಕುದುರಿದ ವ್ಯಾಪಾರ, ಹೊರಹೋದವರ ಸಂಖ್ಯೆ, ಇವು ಹೆಚ್ಚು ಪ್ರಾಮಾಣಿಕ.

ಪಟ್ಟಿಯನ್ನು ಆಗಾಗ ಹಸನು ಮಾಡುತ್ತಿರಬೇಕು. ವಿಳಾಸವೇ ಇಲ್ಲವೆಂದು ಹಿಂದಿರುಗಿದವನ್ನು ಒಡನೆಯೇ ತೆಗೆಯಬೇಕು. ಇನ್‌ಬಾಕ್ಸ್ ತುಂಬಿದ ಕಾರಣಕ್ಕೆ ಹಿಂದಿರುಗಿದವಕ್ಕೆ ಒಂದೆರಡು ಅವಕಾಶ ಕೊಡಬಹುದು. ಆರು ತಿಂಗಳಿಂದ ಸದ್ದಿಲ್ಲದವರಿಗೆ, ಪತ್ರ ಇನ್ನೂ ಬೇಕೇ ಎಂದು ನೇರವಾಗಿ ಕೇಳುವ ಪತ್ರವೊಂದನ್ನು ಬರೆದು, ಉತ್ತರವಿಲ್ಲದಿದ್ದರೆ ಕಳುಹಿಸುವುದನ್ನು ನಿಲ್ಲಿಸಬೇಕು. ಬೇಡವೆಂದು ಹೊರಹೋದವರ ವಿಳಾಸಗಳನ್ನು ಮಾತ್ರ ಪೂರ್ತಿ ಅಳಿಸದೆ, ಮತ್ತೆಂದೂ ಕಳುಹಿಸಬಾರದವರ ಪ್ರತ್ಯೇಕ ಪಟ್ಟಿಯಲ್ಲಿ ಇಡಬೇಕು. ಮುಂದೆಂದಾದರೂ ತಂತ್ರಾಂಶ ಬದಲಾಯಿಸುವ ದಿನ ಚಂದಾದಾರರ ಪಟ್ಟಿಗಿಂತ ಮೊದಲು ಈ ಪಟ್ಟಿಯನ್ನು ಹೊಸ ಕಡೆಗೆ ಸಾಗಿಸಿ. ಹಳೆಯ ಎಕ್ಸೆಲ್ ಕಡತವೊಂದರಿಂದ ಆ ಹೆಸರುಗಳು ಮರಳಿ ನುಸುಳುವುದು ಸಾಮಾನ್ಯವಾಗಿ ಅದೇ ದಿನ.