ಒಂದೇ ಪ್ರವೇಶದ ವೀಸಾ, ಎರಡು ಸಲ ಇಳಿಯಬೇಕಾದ ಹಡಗು ಪ್ರವಾಸ

ಹಡಗು ಹೊರಡಲು 5 ವಾರ ಇರುವಾಗ ವೀಸಾ ತೆಗೆದು ನೋಡಿ ಎದೆ ಧಸಕ್ ಎಂದಿತು. ‘ಒಂದೇ ಪ್ರವೇಶ’ ಎಂದು ಬರೆದಿತ್ತು. ನಮ್ಮ ಹಡಗು ಹೊರಡುವುದೂ, ವಾಪಸ್ ಬರುವುದೂ ಒಂದೇ ದೇಶದ ಬಂದರಿಗೆ. ಮಧ್ಯೆ ಇನ್ನೊಂದು ದೇಶ. ವಿಮಾನದಿಂದ ಇಳಿದಾಗಲೇ ಆ ಒಂದು ಪ್ರವೇಶ ಮುಗಿದುಹೋಗುತ್ತದೆ, ಅಲ್ವಾ? ಮತ್ತೆ ಹಡಗಿನಿಂದ ಇಳಿಯುವುದು ಹೇಗೆ? ಇಂಥ ಕಾಗದ ಇಟ್ಟುಕೊಂಡು ಹೋದರೆ ಹಡಗು ಹತ್ತಲೇ ಬಿಡದಿರಬಹುದು.

ಮೊದಲ ಅರ್ಜಿಗೆ ನಾನು ಬರೀ ವಿಮಾನದ ಟಿಕೆಟ್, ಹೋಟೆಲ್ ಬುಕಿಂಗ್ ಜೋಡಿಸಿದ್ದೆ. ಹಡಗಿನ ವಿಷಯವೇ ಅದರಲ್ಲಿ ಇರಲಿಲ್ಲ. ಈ ಸಲ ಪ್ರತಿ ಬಂದರಿನ ಹೆಸರು, ತಾರೀಖು ಇರುವ ಪ್ರಯಾಣದ ಪಟ್ಟಿಯನ್ನು ಜೊತೆಗಿಟ್ಟು, ಎರಡನೇ ಸಲ ಯಾಕೆ ಒಳಗೆ ಬರಬೇಕು ಎಂದು ಒಂದು ಪುಟದ ಪತ್ರ ಬರೆದೆ. ಬಹು ಪ್ರವೇಶದ ವೀಸಾ ಕೇಳಿದೆ. 12 ದಿನಕ್ಕೆ ಸಿಕ್ಕಿತು. ಆ ದಿನ ನಿಜವಾಗಿಯೂ ನಿದ್ದೆ ಬಂತು!

ಅದೇ ಭಯದಲ್ಲಿ ಉಳಿದದ್ದನ್ನೂ ಕೂತು ನೋಡಿದೆ. ಬುಕಿಂಗ್‌ನಲ್ಲಿ ನನ್ನ ಹೆಸರಿಗೆ ಇನಿಷಿಯಲ್ ಇತ್ತು, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರು. ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ತಿದ್ದಿಸಿದೆ. ಪಾಸ್‌ಪೋರ್ಟ್ ಅವಧಿ ಪ್ರವಾಸ ಮುಗಿದ ಮೇಲೂ 6 ತಿಂಗಳು ಇರಬೇಕು ಎಂದು ಬಹಳ ದೇಶಗಳು ಕೇಳುತ್ತವೆ. ನಮ್ಮದು ಸರಿಯಿತ್ತು.

ಇನ್ನೊಂದು ಮಾತು. ಬಂದರಿನಲ್ಲಿ ದೊಡ್ಡ ಬ್ಯಾಗ್ ತೆಗೆದುಕೊಂಡುಬಿಡುತ್ತಾರೆ, ಅದು ಕೋಣೆಗೆ ಬರಲು ಗಂಟೆಗಟ್ಟಲೆ ಆಗಬಹುದು. ಪಾಸ್‌ಪೋರ್ಟ್, ವೀಸಾ ಕೈಚೀಲದಲ್ಲೇ ಇರಲಿ.